ಮುಖ ಆ ಕಡೆ ತಿರುಗಿಸಿ

ನರ್ಸಿಂಗ್ ಓದಿದವರಿಗೆ ಕೆಲಸಕ್ಕೇನು ಬರ ಅಂತ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದು ಸೂಜಿ ಚುಚ್ಚಬೇಕು ಅನ್ನಿಸುತ್ತಿತ್ತು ಚೂಟಿಗೆ. ಓದು ಮುಗಿದಿತ್ತು, ಅಂಕ ಚೆನ್ನಾಗಿತ್ತು, ಬಿಳಿ ಸಮವಸ್ತ್ರ ಇಸ್ತ್ರಿಯಾಗಿ ಬೀರುವಿನಲ್ಲಿ ತೂಗುತ್ತಿತ್ತು. ಹೋದ ಆಸ್ಪತ್ರೆಯಲ್ಲೆಲ್ಲ ಒಂದೇ ಪ್ರಶ್ನೆ: ಅನುಭವ ಇದೆಯಾ? ಕೆಲಸ ಕೊಟ್ಟರಲ್ಲವೇ ಅನುಭವ ಬರುವುದು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಗಾದೆ ಕಟ್ಟಿದವನು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎದ್ದು ಬಂದವನೇ ಇರಬೇಕು.

ಆದರೆ ಚೂಟಿಗೆ ಅತ್ತೆ ಇದ್ದಳು. ಅಪ್ಪನ ಅಕ್ಕ. ಲಂಗ ತೊಡುವ ವಯಸ್ಸಿನಲ್ಲೇ ಅವಳನ್ನು ತನ್ನ ಮನೆಗೆ ಕರೆತಂದು ಸಾಕಿದವಳು, ನೀನು ನನ್ನ ಹಾಗೇ ನರ್ಸ್ ಆಗಬೇಕು ಎಂದು ಓದಿಸಿದವಳು. ಊರಿನ ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅತ್ತೆಗೆ ‘ಕೈಗುಣದ ಸಿಸ್ಟರ್’ ಎಂದೇ ಹೆಸರು. ಎಂಥ ಒಣಕಲು ಕೈಯಲ್ಲೂ ಅವಳಿಗೆ ನರ ಸಿಗುತ್ತದೆ, ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ರೋಗಿಗಳು ಮನೆಗೆ ಹೋದ ಮೇಲೂ ಹೇಳಿಕೊಂಡು ತಿರುಗುತ್ತಿದ್ದರು.

“ಅಲ್ಲಿ ಇಲ್ಲಿ ಯಾಕೆ ಅಲೀತೀಯ? ನನ್ನ ಜೊತೆ ಬಾ. ಮೇಟ್ರನ್ ಹತ್ರ ಮಾತಾಡಿದೀನಿ. ಜಾಗ ಖಾಲಿಯಾದ ತಕ್ಷಣ ಮೊದಲು ನಿನ್ನನ್ನೇ ಕರೀತಾರೆ,” ಎಂದಳು ಅತ್ತೆ. ಚೂಟಿ ಹಿಗ್ಗಿ ಹೀರೇಕಾಯಿಯಾದಳು.

ಮೊದಲ ವಾರದಲ್ಲೇ ಗೊತ್ತಾಯಿತು. ಅತ್ತೆಯ ಬಲಗೈ ನಡುಗುತ್ತಿತ್ತು. ಔಷಧಿ ಬಾಟಲಿಯ ಮುಚ್ಚಳ ತೆಗೆಯುವಾಗ ಗಾಜು ಟ್ರೇಗೆ ತಾಗಿ ಕಟಕಟ ಎನ್ನುತ್ತಿತ್ತು. ಚೂಟಿ ಸೂಜಿಯನ್ನು ತಾನೇ ತೆಗೆದುಕೊಂಡಳು. ಅಂದಿನಿಂದ ಅದೇ ರೂಢಿಯಾಯಿತು. ಅತ್ತೆ ಹಾಸಿಗೆಯ ಸುತ್ತ ಪರದೆ ಎಳೆದು, ರೋಗಿಯ ತಲೆಯ ಹತ್ತಿರ ನಿಂತು, “ಮುಖ ಆ ಕಡೆ ತಿರುಗಿಸಿ,” ಅನ್ನುವಳು. ಮೊಮ್ಮಕ್ಕಳೆಷ್ಟು, ನಿದ್ದೆ ಬಂತಾ ಎಂದು ಮಾತಿಗೆಳೆಯುವಳು. ಈ ಕಡೆ ಚೂಟಿ ಬೆರಳಿನಿಂದ ನರ ಹುಡುಕಿ ಡ್ರಿಪ್ಪಿನ ಸೂಜಿ ಇಳಿಸಿ, ಪಟ್ಟಿ ಅಂಟಿಸಿ, ಹಿಂದೆ ಸರಿಯುವಳು. ರೋಗಿ ತಿರುಗಿ ನೋಡಿ, “ಆಯ್ತಾ ಸಿಸ್ಟರ್? ನಿಮ್ಮ ಕೈಗುಣ ಬಿಡಿ,” ಎನ್ನುತ್ತಿದ್ದ. ಅತ್ತೆ ನಗುತ್ತಿದ್ದಳು. ಚೂಟಿಗೂ ನಗು ಬರುತ್ತಿತ್ತು. ಹೊಗಳಿಕೆ ಅತ್ತೆಗೆ ಸೇರಿದರೇನು, ತಿಂದಿದ್ದು ಅವಳ ಅನ್ನವೇ ತಾನೆ?

ಕೆಲಸದ ಕರೆ ಮಾತ್ರ ಬರಲಿಲ್ಲ. “ಇನ್ನೂ ಜಾಗ ಖಾಲಿ ಆಗಿಲ್ವಂತೆ, ಸ್ವಲ್ಪ ತಾಳು,” ಎನ್ನುತ್ತಿದ್ದಳು ಅತ್ತೆ. ಚೂಟಿ ತಾಳಿದಳು. ಸಂಬಳವಿಲ್ಲ, ಎದೆಯ ಮೇಲೆ ಹೆಸರಿನ ಬಿಲ್ಲೆಯೂ ಇಲ್ಲ. ಕೇಳಿದವರಿಗೆ ಅವಳು ಸಿಸ್ಟರ್ ಜೊತೆ ಬರುವ ಹುಡುಗಿ, ಅಷ್ಟೆ.

ಒಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ಅವಳ ಸಹಪಾಠಿ ಎದುರಾದಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಗೊಂಬೆಯ ಕೈಗೆ ಚುಚ್ಚಲು ಹೋಗಿ ತನ್ನ ಬೆರಳಿಗೇ ಚುಚ್ಚಿಕೊಂಡ ಮಹಾರಾಯಿತಿ. ಅವಳ ಎದೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು.

“ನೀನು ಅರ್ಜಿ ಹಾಕ್ಲಿಲ್ವೇನೇ? ಮೂರು ಜಾಗ ಇತ್ತು. ಇನ್ನೂ ಒಂದಿದೆ,” ಎಂದಳು ಅವಳು.

ಚೂಟಿ ಸೀದಾ ಮೇಟ್ರನ್ ಕೋಣೆಗೆ ಹೋದಳು. ಮೇಟ್ರನ್ ಕನ್ನಡಕ ಮೇಲೇರಿಸಿ, ಮರುಕದಿಂದ ನೋಡಿದರು.

“ಕೂತ್ಕೋಮ್ಮ. ನಿನಗೆ ಸೂಜಿ ಕಂಡ್ರೆ ತಲೆ ಸುತ್ತುತ್ತಂತಲ್ಲ, ಈಗ ವಾಸಿನಾ? ಭಯ ಹೋಗೋವರೆಗೂ ಜೊತೇಲಿ ಓಡಾಡಿಸ್ಕೊಂಡಿರ್ತೀನಿ ಅಂತ ನಿಮ್ಮತ್ತೆ ಕೇಳ್ಕೊಂಡ್ರು. ಪಾಪ ಅಂತ ನಾನೂ ಒಪ್ಪಿದೆ. ಹೋದ ವಾರವೂ ಕೇಳಿದೆ. ಇನ್ನೂ ಆಗಲ್ಲ ಅಂದ್ರು.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುಳ್ಳು ಎನ್ನಬೇಕೆಂದು ಚೂಟಿ ಬಾಯಿ ತೆರೆದಳು. ಹಾಗೆಂದರೆ ಅತ್ತೆಯ ಕೈ ನಡುಗುವುದನ್ನೂ ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡು ಹೊರಬಂದಳು.

ಸಂಜೆ ಅತ್ತೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಾಗ ಚೂಟಿ ಕೇಳಿದಳು. “ನನಗೆ ತಲೆ ಸುತ್ತುತ್ತೆ ಅಂತ ಯಾಕೆ ಹೇಳಿದೆ ಅತ್ತೆ?”

ಸೌಟು ಪಾತ್ರೆಯೊಳಗೆ ನಿಂತಿತು. ಅತ್ತೆ ಇಲ್ಲವೆನ್ನಲಿಲ್ಲ. “ಕೆಲಸ ಕೊಟ್ರೆ ನಿನ್ನನ್ನ ಬೇರೆ ವಾರ್ಡಿಗೆ ಹಾಕ್ತಾರೆ. ಆಮೇಲೆ ನನ್ನ ಗತಿ ಏನು? ನಿವೃತ್ತಿಗೆ ಇನ್ನೆರಡೇ ವರ್ಷ. ಅಷ್ಟರಲ್ಲಿ ನೀನೇನು ಮುದುಕಿ ಆಗ್ತೀಯಾ?”

“ನನ್ನನ್ನೇ ಕೇಳಬಹುದಿತ್ತಲ್ಲ. ಕೇಳಿದ್ರೆ ಕಣ್ಣುಮುಚ್ಚಿ ಹೂಂ ಅಂತಿದ್ದೆ. ನನ್ನ ಹೆಸರು ಯಾಕೆ ಕೆಡಿಸಿದೆ?”

“ಉಂಡ ಮನೆಗೆ ಎರಡು ಬಗೀಬೇಡ ಚೂಟಿ,” ಎಂದಳು ಅತ್ತೆ. ಇಷ್ಟು ವರ್ಷದ ಪ್ರೀತಿಯನ್ನೆಲ್ಲ ಅತ್ತೆ ಒಂದೇ ಮಾತಿನಲ್ಲಿ ಅನ್ನದ ಋಣ ಮಾಡಿಬಿಟ್ಟಿದ್ದಳು.

ಮರುದಿನ ಕಿಟಕಿ ಪಕ್ಕದ ಹಾಸಿಗೆಯ ಮೇಷ್ಟ್ರಿಗೆ ಹೊಸ ಸೂಜಿ ಹಾಕಬೇಕಿತ್ತು. ಅತ್ತೆ ಪರದೆ ಎಳೆಯುವಷ್ಟರಲ್ಲಿ ಮೇಟ್ರನ್ ಒಳಗೇ ಬಂದು ನಿಂತರು. “ನೀವು ಮಾಡಿ ಸಿಸ್ಟರ್, ನೋಡಿ ಹೋಗ್ತೀನಿ.”

ಅತ್ತೆ ಸೂಜಿ ಎತ್ತಿಕೊಂಡಳು. ತುದಿ ಅಲುಗುತ್ತಿತ್ತು. ಚೂಟಿ ಕೈ ಕಟ್ಟಿ ನಿಂತಳು. ಆಗಲಿ, ಎಲ್ಲರಿಗೂ ಗೊತ್ತಾಗಲಿ. ಮೇಷ್ಟ್ರ ಕೈಯ ಮೇಲೆ ಬೇರಾರದೋ ಸೂಜಿ ತಪ್ಪಿ ಉಳಿದಿದ್ದ ಹಳೆಯ ನೀಲಿ ಕಲೆ ಕಣ್ಣಿಗೆ ಬಿತ್ತು. ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು.

ಅತ್ತೆ ಅದನ್ನು ನೋಡಿದಳು. ಬುದ್ಧಿ ಎಂದರೆ ಅವಳದು! ಸೂಜಿಯನ್ನು ಥಟ್ಟನೆ ಚೂಟಿಯ ಕೈಗಿಟ್ಟು, “ಇವಳ ಭಯ ಇವತ್ತು ಬಿಡಿಸಿಯೇ ಬಿಡ್ತೀನಿ ಮೇಡಂ. ಹಾಕು ಚೂಟಿ, ನಾನಿದೀನಿ,” ಎಂದಳು.

“ನನ್ನ ಮೇಲೆ ಹೊಸ ಕೈ ಯಾಕಮ್ಮ?” ಎಂದು ಗೊಣಗುತ್ತಲೇ ಮೇಷ್ಟ್ರು ಆ ಕಡೆ ತಿರುಗಿದರು. ಸೂಜಿ ನೀರಿಗಿಳಿದಂತೆ ಇಳಿಯಿತು. “ಪರವಾಗಿಲ್ಲ. ನಿಮ್ಮ ಕೈಗುಣ ಬರೋಕೆ ಇನ್ನೂ ಟೈಮ್ ಬೇಕು ಸಿಸ್ಟರ್,” ಎಂದರು ಮೇಷ್ಟ್ರು.

ಮೇಟ್ರನ್ ಅತ್ತೆಯ ಬೆನ್ನು ತಟ್ಟಿದರು. “ಕಲಿಸಿದ್ರೆ ಹೀಗೆ ಕಲಿಸಬೇಕು! ಉಳಿದಿರೋ ಜಾಗ ನಿನಗೇ ಕಣಮ್ಮ. ಮಕ್ಕಳ ವಾರ್ಡು. ನಿಮ್ಮತ್ತೆ ಉಪಕಾರ ಮರೀಬೇಡ.”

ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. “ಈಗ ಖುಷಿನಾ?” ಎಂದು ಅತ್ತೆ ಮೆಲ್ಲಗೆ ಕೇಳಿದಳು. ತನ್ನದೇ ಕೈಯಿಂದ ಬಂದ ಕೆಲಸವೂ ಭಿಕ್ಷೆಯ ಹಾಗೆ ಕಂಡಿತು ಚೂಟಿಗೆ.

ಮಕ್ಕಳ ವಾರ್ಡು ಮೇಲಿನ ಮಹಡಿಯಲ್ಲಿ. ಹೆಸರಿನ ಬಿಲ್ಲೆ ಬಂದು ಇನ್ನೂ ವಾರ ಕಳೆದಿರಲಿಲ್ಲ, ಕೆಳಗಿನಿಂದ ಆಯಾ ಬಂದಳು. “ನಿಮ್ಮತ್ತೆ ಕರೀತಿದ್ದಾರೆ. ಒಂದೇ ನಿಮಿಷ ಅಂತೆ.”

ಹೋಗಬಾರದು ಅಂದುಕೊಂಡೇ ಹೋದಳು. ಪರದೆ ಎಳೆದಾಗಿತ್ತು. ಟ್ರೇ ಸಿದ್ಧವಿತ್ತು. ಅತ್ತೆ ಅವಳನ್ನು ನೋಡದೆ, “ಮೇಷ್ಟ್ರೇ, ಮುಖ ಆ ಕಡೆ ತಿರುಗಿಸಿ,” ಎಂದಳು.

ಚೂಟಿ ಮೇಷ್ಟ್ರ ಕೈ ಹಿಡಿದುಕೊಂಡಳು. “ಬೇಡ ಮೇಷ್ಟ್ರೇ. ಈ ಕಡೆ ನೋಡಿ. ಇಷ್ಟು ದಿನ ಯಾರ ಕೈ ಅಂತ ನೋಡ್ಕೊಳ್ಳಿ.”

ಮೇಷ್ಟ್ರು ತಿರುಗಿ ನೋಡಿದರು. ನರಕ್ಕೆ ಇಳಿಯುವ ಸೂಜಿಯನ್ನು, ಅದನ್ನು ಹಿಡಿದ ಬೆರಳನ್ನು ನೋಡುತ್ತಲೇ ಇದ್ದರು. “ಅಯ್ಯೋ, ಚುಚ್ಚಿದ್ದೇ ಗೊತ್ತಾಗಲಿಲ್ಲ. ಇದೇ ಕೈ,” ಎಂದರು. ಆಮೇಲೆ ಕಣ್ಣೆತ್ತಿ ಅತ್ತೆಯನ್ನು ನೋಡಿದರು.

ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡಳು.