ಅತ್ತೆಗೆ ಸಿಗದ ಸಂಭಾವನೆ

ಅದು 1961ನೇ ಇಸವಿ. ದೀಪಾವಳಿ ಹತ್ತಿರ ಬಂದಿತ್ತು. ನಾವಾಗ ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಮನೆಯಲ್ಲಿ ಯಜಮಾನರು, ಅತ್ತೆ ಮತ್ತು ನಾನು. ಯಜಮಾನರ ಸಂಬಳ ನೇರವಾಗಿ ಅತ್ತೆಯ ಕೈ ಸೇರುತ್ತಿತ್ತು. ಅಲ್ಲಿಂದ ಹೊರಗೆ ಬರಬೇಕಾದರೆ ಪ್ರತಿ ಕಾಸಿಗೂ ಕಾರಣ ಹೇಳಬೇಕಿತ್ತು.

ನನಗೋ ಕಥೆ ಬರೆಯುವ ಹುಚ್ಚು. ಬರೆಯುವುದಕ್ಕೆ ಖರ್ಚಿಲ್ಲ, ಕಳಿಸುವುದಕ್ಕೆ ಖರ್ಚು. ಹೋಗುವುದಕ್ಕೊಂದು ಅಂಚೆಚೀಟಿ, ಬೇಡವೆಂದರೆ ವಾಪಸು ಬರುವುದಕ್ಕೆ ಇನ್ನೊಂದು. ಯಾವ ಪತ್ರಿಕೆ ದುಡ್ಡು ಕೊಡುತ್ತದೆ ಎಂದು ಪತ್ತೆ ಮಾಡುವುದಂತೂ ದೊಡ್ಡ ಸಾಹಸ. ಯಜಮಾನರು ವಾಚನಾಲಯದಲ್ಲಿ ಕೂತು ಪತ್ರಿಕೆಗಳ ಕೊನೆಯ ಪುಟದ ಸಣ್ಣಕ್ಷರಗಳನ್ನೆಲ್ಲ ಓದಿ ವಿಳಾಸ ಬರೆದುಕೊಂಡು ಬರುತ್ತಿದ್ದರು. ಹೆಚ್ಚಿನವರು ಲೇಖಕರಿಗೆ ಒಂದು ಗೌರವಪ್ರತಿ ಕಳಿಸುವುದಾಗಿ ದೊಡ್ಡ ಮನಸ್ಸು ತೋರಿಸುತ್ತಿದ್ದರು. ಸಂಭಾವನೆ ಎನ್ನುವ ಮಾತು ಇದ್ದದ್ದು ಎಲ್ಲೋ ಎರಡು ಮೂರು ಕಡೆ. ನಾನು ಕಂಡಂತೆ ದುಡ್ಡು ಕೊಡುವವರು ಉತ್ತರ ಕೊಡುತ್ತಿರಲಿಲ್ಲ, ಉತ್ತರ ಕೊಡುವವರು ದುಡ್ಡು ಕೊಡುತ್ತಿರಲಿಲ್ಲ.

ಇದನ್ನೆಲ್ಲ ನೋಡಿ ನೋಡಿ ಸಾಕಾಗಿದ್ದ ಅತ್ತೆ ಆ ಯುಗಾದಿಯ ದಿನ ಬೇವುಬೆಲ್ಲದ ಜೊತೆಗೇ ತೀರ್ಪು ಕೊಟ್ಟರು. "ದೀಪಾವಳಿ ತನಕ ನೋಡ್ತೀನಿ ಗಿರಿಜಾ. ಅಷ್ಟರೊಳಗೆ ನಿನ್ನ ಕಥೆಯಿಂದ ಒಂದು ಬಿಡಿಗಾಸಾದ್ರೂ ಬಂತೋ ಸರಿ. ಇಲ್ದಿದ್ರೆ ಅಂಚೆಚೀಟಿಗೆ ಅಂತ ನನ್ನ ಮುಂದೆ ಕೈ ಚಾಚಬೇಡ."

ಅದಕ್ಕೂ ಮುಂಚೆಯೇ ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಥೆ ಕಳಿಸಿದ್ದೆ. ತಿಂಗಳುಗಟ್ಟಲೆ ಕಾದರೂ ಸುದ್ದಿಯಿಲ್ಲ. ಕಸದ ಬುಟ್ಟಿ ಸೇರಿರಬೇಕೆಂದುಕೊಂಡು ಅದೇ ಕಥೆಯನ್ನು ಮತ್ತೊಮ್ಮೆ ನಕಲು ಮಾಡಿ ಶಿವಮೊಗ್ಗದ ಮಹೇಶ್ವರಪ್ಪನವರಿಗೆ ಕಳಿಸಿದೆ. ಅವರು ಗಾಂಧಿ ಬಜಾರಿನ ಹಿಂದಿನ ಸಂದಿಯಲ್ಲಿ ಸ್ವಂತ ಅಚ್ಚುಕೂಟ ಇಟ್ಟುಕೊಂಡು ಒಂದು ಮಾಸಪತ್ರಿಕೆ ನಡೆಸುತ್ತಿದ್ದರು. ನನ್ನ ಮೊದಲ ಕಥೆಯನ್ನು ಅಚ್ಚು ಹಾಕಿದವರೂ ಅವರೇ. ದುಡ್ಡು ಕೊಡುತ್ತಿರಲಿಲ್ಲ, ಮರ್ಯಾದೆ ಕೊಡುತ್ತಿದ್ದರು. ಕಥೆಯನ್ನು ದೀಪಾವಳಿ ವಿಶೇಷಾಂಕಕ್ಕೆ ತೆಗೆದುಕೊಂಡಿದ್ದೇನೆ ಎಂದು ಅವರಿಂದ ಕೂಡಲೇ ಕಾರ್ಡು ಬಂತು.

ಅದರ ಬೆನ್ನಿಗೇ ಬೆಂಗಳೂರಿನ ಕಾರ್ಡೂ ಬಂತು. ಅದೇ ಕಥೆ, ಅವರ ವಿಶೇಷಾಂಕಕ್ಕೆ! ಹದಿನೈದು ರೂಪಾಯಿ ಸಂಭಾವನೆಯನ್ನು ಹಬ್ಬದೊಳಗೆ ಕಳಿಸುತ್ತಾರಂತೆ. ಆದರೆ ಕಥೆ ಬೇರೆಲ್ಲೂ ಅಚ್ಚಾಗಿರಬಾರದು, ಆದದ್ದು ತಿಳಿದರೆ ಮುಂದೆಂದೂ ನನ್ನ ಬರಹವನ್ನು ಅವರು ನೋಡುವುದಿಲ್ಲ. ಕುಣಿದಾಡಬೇಕಾದ ಸುದ್ದಿ ಓದಿ ತಲೆಯ ಮೇಲೆ ಕೈ ಹೊತ್ತು ಕೂತೆ. ಒಂದು ಬಾಗಿಲು ತೆರೆಯುವ ಹೊತ್ತಿಗೆ ನಾನೇ ಅದಕ್ಕೆ ಬೀಗ ಹಾಕಿಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಯಜಮಾನರಿಗೆ ಮೊದಲ ಪಾಳಿ. ನಾನೇ ಶಿವಮೊಗ್ಗಕ್ಕೆ ಹೋಗಿ ಕಥೆ ವಾಪಸು ಕೇಳುತ್ತೇನೆ ಎಂದೆ. ಅಷ್ಟರಲ್ಲಿ ಅತ್ತೆ ಒಳ್ಳೆಯ ಸೀರೆ ಉಟ್ಟು, ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಹದಿನೈದು ರೂಪಾಯಿ ವಿಷಯ. ನಿನ್ನೊಬ್ಬಳನ್ನೇ ಕಳಿಸಿದ್ರೆ ನಾಚ್ಕೊಂಡು ಬಿಟ್ಟುಕೊಟ್ಟು ಬರ್ತೀಯ. ನಾನೂ ಬರ್ತೀನಿ, ನಡಿ."

ಅತ್ತೆಗೆ ಅದು ಮೊದಲ ರೈಲು ಪ್ರಯಾಣ. ಅಲ್ಲಿಯವರೆಗೆ ಎತ್ತಿನ ಗಾಡಿ, ಬಸ್ಸು ಬಿಟ್ಟರೆ ಬೇರೆ ಗೊತ್ತಿಲ್ಲ. ದಾರಿಯುದ್ದಕ್ಕೂ ಟಿಕೀಟನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದರು. ಶಿವಮೊಗ್ಗ ಸ್ಟೇಷನ್ನಿನ ಗೇಟಿನಲ್ಲಿ ಟಿಕೀಟು ಕಲೆಕ್ಟರು ಕೈ ಚಾಚಿದರೆ ಕೊಡಲೊಲ್ಲರು.

"ಬಸ್ಸಿನೋನು ಒಂದಿನಾನೂ ವಾಪಸ್ ಕೇಳಿಲ್ಲ. ದುಡ್ಡು ಕೊಟ್ಟಿರೋಳು ನಾನು. ಬೇಕಾದ್ರೆ ದುಡ್ಡು ವಾಪಸ್ ಕೊಡು, ಟಿಕೀಟು ಕೊಡ್ತೀನಿ."

"ಅಜ್ಜಿ, ರೈಲಿನ ರೂಲ್ಸು ಹಾಗಿದೆ."

"ನಿನ್ನ ರೂಲ್ಸು ನಿನ್ನ ಹತ್ರ ಇಟ್ಕೊ. ಟಿಕೀಟು ನನ್ನ ಹತ್ರ ಇರ್ಲಿ."

ಹಿಂದೆ ನಿಂತ ಜನ ಗಲಾಟೆ ಮಾಡತೊಡಗಿದರು. ನಾಚಿಕೆಯಿಂದ ಮುಖ ಕೆಂಪಾಗಿ ನಾನೇ ಅತ್ತೆಯ ಮುಷ್ಟಿ ಬಿಡಿಸಿ ಟಿಕೀಟು ಕಿತ್ತು ಕೊಟ್ಟೆ. ಜಟಕಾದಲ್ಲಿ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಚ್ಚುಕೂಟದಲ್ಲಿ ಮಹೇಶ್ವರಪ್ಪನವರು ಕೈಗೆಲ್ಲ ಮಸಿ ಮಾಡಿಕೊಂಡು ನಿಂತಿದ್ದರು. ತೊದಲುತ್ತ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ನಿಮ್ಮ ಕಥೆಗೆ ಅಚ್ಚಿನ ಮೊಳೆ ಒಂದೊಂದೇ ಅಕ್ಷರ ಜೋಡಿಸಿ ಆಗಿದೆ ತಾಯಿ. ನಾಳೆ ಬೆಳಿಗ್ಗೆ ಅಚ್ಚು. ಅಷ್ಟು ಪುಟ ಖಾಲಿ ಬಿಟ್ಟು ಹಬ್ಬದ ಸಂಚಿಕೆ ತರಕ್ಕಾಗುತ್ತಾ?"

ಅತ್ತೆ ಮುಂದೆ ಬಂದರು. "ಬೆಂಗಳೂರಿನೋರು ದುಡ್ಡು ಕೊಡ್ತಾರಂತೆ. ನೀವು ಕೊಡಲ್ವಂತೆ. ಅವಳ ಕಥೆ ಅವಳಿಗೆ ಕೊಟ್ಬಿಡಿ."

ನಾನು ನೆಲ ಬಿರಿಯಬಾರದೇ ಎಂದುಕೊಂಡೆ. ಮಹೇಶ್ವರಪ್ಪನವರು ಮಾತ್ರ ನಕ್ಕುಬಿಟ್ಟರು. "ನನಗೇ ಯಾರೂ ಕೊಡಲ್ಲ ತಾಯಿ. ಕೊಡೋ ಹಾಗಿದ್ದಿದ್ರೆ ಇವರ ಕಥೆನ ಬೆಂಗಳೂರಿಗೆ ಬಿಡ್ತಾನೂ ಇರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಒಂದು ಕೆಲಸ ಮಾಡಿ. ಇದೇ ಅಳತೆಗೆ ಇನ್ನೊಂದು ಕಥೆ ಇಲ್ಲೇ ಕೂತು ಬರೆದುಕೊಡಿ. ಸಂಜೆಯೊಳಗೆ ಕೊಟ್ರೆ ಇದನ್ನ ಬಿಚ್ಚಿಸ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಬೈಕೋಬೇಡಿ."

ಕಾಗದ ಕೊಟ್ಟು ಒಂದು ಸ್ಟೂಲು ಹಾಕಿಸಿದರು. ಕೂತೆ. ತಲೆಯೊಳಗೆ ಏನೂ ಇಲ್ಲ. ಮನೆಯಲ್ಲಿ ಒಂದು ಕಥೆಗೆ ತಿಂಗಳು ಹಿಡಿಯುತ್ತಿದ್ದವಳು ನಾನು. ಟ್ರೆಡಲ್ ಅಚ್ಚುಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಮೊಳೆ ಜೋಡಿಸುವ ಕರೀಂ ಸಾಹೇಬರು ಆಗಾಗ ಕತ್ತೆತ್ತಿ, "ಅಮ್ಮಾ, ಒಂದು ಹಾಳೆ ಆದ್ರೆ ಸಾಕು, ಶುರು ಮಾಡ್ತೀನಿ" ಎನ್ನುತ್ತಿದ್ದರು. ಎದುರಿಗೆ ಕಾಗದದ ಬಂಡಲಿನ ಮೇಲೆ ಅತ್ತೆ ಕೂತು, ಇನ್ನೂ ಮುಖ ಊದಿಸಿಕೊಂಡೇ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೇರೆ ದಾರಿ ಕಾಣದೆ ಕಣ್ಣ ಮುಂದಿದ್ದದ್ದನ್ನೇ ಬರೆಯತೊಡಗಿದೆ. ಒಬ್ಬ ಮುದುಕಿ, ಅವಳ ಸೊಸೆ, ರೈಲು, ಟಿಕೀಟು. ಅತ್ತೆಗೆ ಓದು ಬರುತ್ತಿರಲಿಲ್ಲ, ಅದೇ ಧೈರ್ಯ. ಹಾಳೆ ತುಂಬುತ್ತಿದ್ದಂತೆ ಸಾಹೇಬರು ತೆಗೆದುಕೊಂಡು ಹೋಗುತ್ತಿದ್ದರು.

ಆದರೆ ಸಾಹೇಬರಿಗೊಂದು ಅಭ್ಯಾಸವಿತ್ತು. ಸಾಲನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಮೊಳೆ ಆರಿಸುವುದು. ನನ್ನ ಗಮನಕ್ಕೆ ಅದು ಬಂದಾಗ ತಡವಾಗಿತ್ತು.

"'ಬೇಕಾದರೆ ದುಡ್ಡು... ವಾಪಸು ಕೊಡು... ಟಿಕೀಟು ಕೊಡುತ್ತೇನೆ'... ಎಂದಳು ಮುದುಕಿ..."

ಎಲೆ ಮಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಸಾಬ್ರೇ, ಸ್ವಲ್ಪ ತಡೀರಿ. ಅದೇನಂದ್ರಿ? ಇನ್ನೊಂದ್ಸಲ ಹೇಳಿ."

ಸಾಹೇಬರು ಪಾಪ, ಮೊದಲಿನಿಂದ ಸ್ಪಷ್ಟವಾಗಿ ಓದಿದರು. ಇವತ್ತಿಗೆ ನನ್ನ ಕಥೆಯೂ ಮುಗಿಯಿತು, ಸಂಸಾರವೂ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

ಕೇಳಿಸಿದ್ದು ನಗು. ಅತ್ತೆ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. "ಮತ್ತಿನ್ನೇನು? ಸರಿಯಾಗೇ ಕೇಳಿದಾಳೆ ಮುದುಕಿ!" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಆಮೇಲೇನಾಗುತ್ತೆ?" ಅತ್ತೆ ನನ್ನನ್ನು ಕೇಳಿದರು.

"ಸೊಸೆ ಟಿಕೀಟು ಕಿತ್ತು ಕೊಡ್ತಾಳೆ ಅತ್ತೆ" ಎಂದೆ ಮೆಲ್ಲಗೆ.

"ಅದು ಬೇಡ. ಅಷ್ಟು ಜನರ ಮುಂದೆ ಮುದುಕಿ ಸೋಲಬಾರದು ಕಣೇ." ಈಗ ದನಿಯಲ್ಲಿ ನಗುವಿರಲಿಲ್ಲ. ಗೇಟಿನಲ್ಲಿ ನಾನು ಅವರಿಗೆ ಎಷ್ಟು ನೋವು ಮಾಡಿದ್ದೆ ಎಂದು ಆಗ ತಿಳಿಯಿತು. ಕೊನೆ ಬದಲಾಯಿಸಿದೆ. ನನ್ನ ಕಥೆಯ ಟಿಕೀಟು ಕಲೆಕ್ಟರು ಸೋತು, "ಇಟ್ಕೊಳ್ಳಿ ಅಜ್ಜಿ" ಎಂದು ಕೈಮುಗಿದ. ಸೊಸೆ ಅತ್ತೆಯ ಸಂಚಿ ಹಿಡಿದುಕೊಂಡು ಹಿಂದೆ ನಡೆದಳು.

ಬಿಸಿಲು ಇಳಿಯುವುದರೊಳಗೆ ಕೊನೆಯ ಹಾಳೆ ಕೊಟ್ಟೆ. ಮಹೇಶ್ವರಪ್ಪನವರು ಹಳೆಯ ಕಥೆಯ ಮೊಳೆ ಬಿಚ್ಚಲು ಹೇಳಿ, ನನ್ನ ನಕಲನ್ನು ಕೈಗಿಟ್ಟು, ಕಾಫಿ ತರಿಸಿಕೊಟ್ಟರು. ಅಷ್ಟು ರುಚಿಯಾದ ಕಾಫಿ ಮತ್ತೆ ಎಲ್ಲೂ ಕುಡಿದಿಲ್ಲ. ವಾಪಸು ಬಂದಾಗ ಭದ್ರಾವತಿ ಸ್ಟೇಷನ್ನಿನಲ್ಲಿ ಅತ್ತೆ ತಾವಾಗಿಯೇ ಟಿಕೀಟು ನೀಡಿದರು. "ತಗೋಳಪ್ಪಾ. ನಂದು ಅಚ್ಚಿಗೆ ಹೋಯ್ತು, ಇನ್ನು ಜಗಳ ಬೇಡ." ಆ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ.

ಹಬ್ಬದ ಹಿಂದಿನ ದಿನ ಹದಿನೈದು ರೂಪಾಯಿಯ ಮನಿಯಾರ್ಡರು ಬಂತು. ಅದೇ ಟಪಾಲಿನಲ್ಲಿ ಮಹೇಶ್ವರಪ್ಪನವರ ಗೌರವಪ್ರತಿ. ನೋಟುಗಳನ್ನು ಅತ್ತೆಯ ಕೈಗಿಟ್ಟೆ. ಅವರು ಅವನ್ನು ನೋಡಿದರು, ಪತ್ರಿಕೆಯನ್ನು ನೋಡಿದರು.

"ಈ ದುಡ್ಡು ನಾನಿರೋ ಕಥೆಗಾ?"

"ಅಲ್ಲ ಅತ್ತೆ, ಇನ್ನೊಂದಕ್ಕೆ."

"ನಾನಿರೋದಕ್ಕೆ?"

"ಅದಕ್ಕೇನೂ ಇಲ್ಲ."

ಅತ್ತೆ ನೋಟುಗಳನ್ನು ಮತ್ತೊಮ್ಮೆ ಎಣಿಸಿದರು. ಆಮೇಲೆ, "ಇದು ಅನ್ಯಾಯ ಕಣೇ" ಎಂದು ಸೆರಗಿನ ಗಂಟು ಬಿಚ್ಚಿದರು.

ಅತ್ತೆ ಈಗಿಲ್ಲ. ಆಮೇಲೆ ಎಷ್ಟೋ ಪತ್ರಿಕೆಗಳಿಂದ ಸಂಭಾವನೆ ಪಡೆದೆ. ಆದರೂ ಆ ದಿನ ಅಚ್ಚುಕೂಟದಲ್ಲಿ ಕಣ್ಣು ಮುಚ್ಚಿದ್ದಾಗ ಕೇಳಿದ ಆ ನಗು ನೆನಪಾದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಅದರ ಹಿಂದೆಯೇ ನೆನಪಾಗುವುದು ಆ ಸೆರಗಿನ ಗಂಟು. ಅದರೊಳಗಿನ ಚಿಲ್ಲರೆಯನ್ನೆಲ್ಲ ನನ್ನ ಅಂಗೈಗೆ ಸುರಿದು ಅತ್ತೆ ಹೇಳಿದ್ದರು: "ಇಕೋ, ಅಂಚೆಚೀಟಿಗೆ. ಮುಂದಿನ ಸಲ ನನ್ನನ್ನ ದುಡ್ಡು ಕೊಡೋರಿಗೆ ಕಳಿಸು."