ಎಂಬತ್ತೇಳನೆಯ ಮನೆ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಇಳಿದ ನೀಲಿ ಮಸಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಯಾರು ಕವಡೆ ಎಸೆದರೂ ಆ ಬೆರಳು ಮುಂದೆ ಬರುತ್ತಿತ್ತು. ಆರು ಕವಡೆಗಳನ್ನೂ ಒಂದೊಂದಾಗಿ ಮುಟ್ಟಿ, ಬಾಯಿ ಮೇಲಾಗಿ ಬಿದ್ದವೆಷ್ಟು ಎಂದು ಎಣಿಸಿದ ಮೇಲೆಯೇ ಕಾಯಿ ನಡೆಸಲು ಬಿಡುತ್ತಿದ್ದರು. ನಾಲ್ಕು ಬಿದ್ದದ್ದು ಎಲ್ಲರ ಕಣ್ಣಿಗೂ ಕಾಣುತ್ತಿದ್ದರೂ ಅಷ್ಟೇ. "ಹೇಳಿದ ಲೆಕ್ಕ ನಂಬಬಾರದು ಕಣಮ್ಮ. ಆಡೋರೆಲ್ಲ ಸುಳ್ಳರೇ," ಎನ್ನುತ್ತಿದ್ದರು.

ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಏಳೆಂಟು ವರ್ಷ ಬಾಡಿಗೆಗಿದ್ದರು. ಬೀದಿಯವರೆಲ್ಲ ಅವರನ್ನು 'ಬರೆಯೋರು' ಎನ್ನುತ್ತಿದ್ದರು. ಟಿ. ನರಸೀಪುರದ ಪೂಜೆಯ ಮನೆತನ. ಅಣ್ಣ ಗಂಟೆ ಹಿಡಿದರು, ಇವರು ಪೆನ್ನು ಹಿಡಿದರು. ಮದುವೆಯಿಲ್ಲ, ಯಾರ ಕೈಕೆಳಗೂ ನೌಕರಿಯಿಲ್ಲ. ಬೆಳಿಗ್ಗೆ ಕಾದಂಬರಿ, ಊಟವಾದ ಮೇಲೆ ಆಟ. ಕಾದಂಬರಿ ಎಂದರೆ ವಾರಪತ್ರಿಕೆಯ ಧಾರಾವಾಹಿ. ಆಟ ಎಂದರೆ ಬೇಸಿಗೆ ರಜೆಗೆ ಮುಂಚೆ ಪೆಟ್ಟಿಗೆ ಅಂಗಡಿಗಳಲ್ಲಿ ತೂಗುಹಾಕುವ, ಮಡಚುವ ರಟ್ಟಿನ ಹಾವು-ಏಣಿಯಂಥವು. ಚಿತ್ರವೂ ಇವರದೇ, ನಿಯಮವೂ ಇವರದೇ. ಹಾಳೆಗಳನ್ನು ಸುರುಳಿ ಮಾಡಿ, ಹಳೇ ಪಂಚೆಯಲ್ಲಿ ಸುತ್ತಿಕೊಂಡು, ಮೈಸೂರಿನ ಒಬ್ಬ ಕ್ಯಾಲೆಂಡರ್ ಮುದ್ರಕನ ಬಳಿಗೆ ಬೆಳಗಿನ ರೈಲಿಗೆ ಹೋಗುತ್ತಿದ್ದರು. ಸಂಜೆ ಬಂದಾಗ ಸುರುಳಿ ಕಂಕುಳಲ್ಲೇ ಇದ್ದರೆ ಆ ದಿನ ನಾವು ಯಾರೂ ಮಾತಾಡಿಸುತ್ತಿರಲಿಲ್ಲ.

ಊಟ ನಮ್ಮಲ್ಲೇ. "ಓದುಗರಿಗೆ ಬೇಸರ ಬಂದಿದೆ, ಮುಂದಿನ ವಾರ ಯಾರನ್ನಾದರೂ ಸಾಯಿಸಿ," ಎಂದು ಪತ್ರಿಕೆಯವರು ಕಾರ್ಡು ಬರೆದರೆ, ಮಧ್ಯಾಹ್ನದೊಳಗೆ ಸಾಯಿಸಿ, ಕೈ ತೊಳೆದು ಬಂದು ಕೂತು, ಹುಳಿಗೆ ಉಪ್ಪು ಸಾಲದು ಎನ್ನುತ್ತಿದ್ದರು.

ಹೊಸ ಆಟ ಬರೆದಾಗ ಅದನ್ನು ಆಡಿಸಿ ನೋಡಲು ಸೋಲು ತಡೆಯಲಾರದವರನ್ನೇ ಹುಡುಕುತ್ತಿದ್ದರು. ಹೆಮ್ಮರಗಾಲದಿಂದ ಹಾಲು ತರುವವಳನ್ನು ಒಂದು ದಿನ ಕೂರಿಸಿಕೊಂಡರು. ಆಕೆ ಮೂರು ಸಲ ಹಾವಿನ ಬಾಯಿಗೆ ಬಿದ್ದು, "ಓಗ್ಲಿ ಬುಡಿ ಸಾಮಿ, ಅಟ್ಟೀಲೂ ನಾನು ದಿನಾ ಬೀಳೋಳೆಯಾ," ಎಂದು ನಕ್ಕು ಕ್ಯಾನು ಎತ್ತಿಕೊಂಡು ಹೋದಳು. ಅವರು ಆಕೆಯನ್ನು ಮತ್ತೆ ಕರೆಯಲಿಲ್ಲ. ಆದರೆ ಮುಂದಿನ ಆಟದ ಮೂವತ್ತನಾಲ್ಕನೆಯ ಮನೆಯಲ್ಲಿ ಅದೇ ಮೂಗುತಿ, ಅದೇ ನೆಗ್ಗಿದ ಕ್ಯಾನು ಇದ್ದವು. ಅವರು ಕಂಡವರನ್ನೇ ಬರೆಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಯಾರು ಯಾವ ಮನೆಯಲ್ಲಿದ್ದಾರೆ ಎಂದು ಹುಡುಕುವುದೇ ಜನಕ್ಕೆ ಅರ್ಧ ಆಟ.

ನಮ್ಮಮ್ಮ ಅವರಿಗೆ ಹೇಳಿ ಮಾಡಿಸಿದ ಆಟಗಾರ್ತಿ. ಅಪ್ಪನ ಜೊತೆ ಕಾಶಿಗೆ ಹೋಗಬೇಕೆಂದಿದ್ದವಳು. ಅಪ್ಪ ಅಷ್ಟರಲ್ಲೇ ತೀರಿಕೊಂಡಿದ್ದರು. ಅದು ಗೊತ್ತಿದ್ದೂ 'ಕಾಶಿಯಾತ್ರೆ' ಎಂಬ ಆಟ ಬರೆದು ಅವಳ ಮುಂದೆ ಹರಡಿದರು. ಕಾಶಿಗೆ ಎರಡು ಮನೆ ಇರುವಾಗ ದೋಣಿ ಮುಳುಗುತ್ತದೆ, ಮತ್ತೆ ಊರಿನಿಂದ ಹೊರಡಬೇಕು. ಏಳನೆಯ ಸಲ ದೋಣಿ ಮುಳುಗಿದಾಗ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅವರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿ, "ಐದನೇ ಸಲಕ್ಕೇ ಅಳಬೇಕಿತ್ತು. ಆಟ ಉದ್ದವಾಯ್ತು," ಎಂದರು. ನಾನು ಬಯ್ಯಬೇಕಿತ್ತು. ಬಯ್ಯಲಿಲ್ಲ. ನನಗೆ ಅವರ ಮೇಲೆ ಅಷ್ಟು ಭಕ್ತಿ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಅವರ ಹಸ್ತಪ್ರತಿಗಳಿಗೆ ಶುದ್ಧ ಪ್ರತಿ ಮಾಡಿಕೊಡುತ್ತಿದ್ದೆ. ಬರೆಯುವ ಇಳಿಮೇಜಿನ ಮುಂದೆ ಕೂತು ಅವರ ಕೋಳಿಗೀರು ಅಕ್ಷರ ಬಿಡಿಸುತ್ತ ಬಿಡಿಸುತ್ತ ಕನ್ನಡದಲ್ಲಿ ಒಂದು ವಾಕ್ಯ ನೆಟ್ಟಗೆ ನಿಲ್ಲಿಸುವುದು ಹೇಗೆಂದು ಕಲಿತೆ. ಈಗ ಇದನ್ನು ಬರೆಯುತ್ತಿರುವುದೂ ಅವರ ಪಾಠದಿಂದಲೇ. "ಕಾದಂಬರೀಲಿ ಸೋತೋರಿಗೆ ಓದೋರು ಅಳ್ತಾರೆ. ಆಟದಲ್ಲಿ ಸೋತೋರನ್ನ ನೋಡಿ ಎದುರಿಗಿರೋರು ನಗ್ತಾರೆ. ಜನ ಅವರೇ ಕಣಮ್ಮ," ಎಂದು ಒಮ್ಮೆ ಹೇಳಿದ್ದರು.

ನನ್ನ ಬಲತೋಳಿನಲ್ಲಿ, ಮೊಣಕೈಗಿಂತ ಮೇಲೆ, ಎಂಟಾಣೆಯಷ್ಟು ಅಗಲದ ಬಿಳುಪು ಇತ್ತು. ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ನರಸೀಪುರದ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ನನ್ನನ್ನು ನೋಡಿಕೊಂಡು ಹೋದ. ಎಲ್ಲರ ಹಾಗೆ ಹಾಡು ಬರುತ್ತದೆಯೇ ಎನ್ನದೆ, ಏನು ಓದುತ್ತೀರಿ ಎಂದು ಕೇಳಿದ. ನನಗೆ ಅವನು ಇಷ್ಟವಾದ. ಎಷ್ಟು ಇಷ್ಟವಾದನೆಂದರೆ ಅವನಿಗೆ ಮೋಸ ಮಾಡುವುದು ಬೇಡವೆನಿಸಿತು. ಅಮ್ಮ, "ತಾಳಿ ಬೀಳೋವರೆಗೂ ತೋಳು ಮುಚ್ಕೊಂಡಿರು," ಎಂದಳು. ನಿಶ್ಚಿತಾರ್ಥಕ್ಕೆ ಮುಂಚೆ ನಾನೇ ಅವನಿಗೆ ಹೇಳಿಬಿಡಬೇಕು ಎಂದುಕೊಂಡೆ. ಹೇಗೆ ಹೇಳುವುದೆಂದು ತಿಳಿಯದೆ, ಮಾತನ್ನೇ ಕಸುಬು ಮಾಡಿಕೊಂಡವರ ಬಳಿ ಹೋದೆ.

ಎರಡು ಮಧ್ಯಾಹ್ನ ಕೂರಿಸಿಕೊಂಡು ಕೇಳಿದರು. ಯಾವ ವಯಸ್ಸಿಗೆ ಬಂತು, ಯಾವ ಮುಲಾಮು ಹಚ್ಚಿದಿರಿ, ಬಿಸಿಲಿಗೆ ಉರಿಯುತ್ತದೆಯೇ, ರವಿಕೆ ತೋಳು ಎಷ್ಟು ಉದ್ದ ಹೊಲಿಸುತ್ತೀಯೆ. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. "ಹುಡುಗನಿಗೆ ಒಂದು ಕಾಗದ ಬರ್ಕೊಡ್ತೀನಿ, ನೀನು ನಕಲು ಮಾಡಿ ಹಾಕು. ಸ್ವಲ್ಪ ತಾಳು," ಎಂದರು. ತಾಳಿದೆ. ಒಂದು ತಿಂಗಳು ತಾಳಿದೆ. ಅವರು ಬರೆಯುತ್ತಲೇ ಇದ್ದರು, ನನಗಲ್ಲ.

ಯುಗಾದಿ ಕಳೆದ ವಾರ ಹುಡುಗನೂ ಅವನ ಸೋದರಮಾವನೂ ಹೇಳದೆ ಕೇಳದೆ ಬಂದರು. ಮಾವ ಕಾಫಿ ಮುಟ್ಟಲಿಲ್ಲ. ಚೀಲದಿಂದ ಒಂದು ಮಡಚಿದ ರಟ್ಟು ತೆಗೆದು ಚಾಪೆಯ ಮೇಲೆ ಬಿಡಿಸಿದರು. 'ಕಲ್ಯಾಣ ಸೋಪಾನ', ನೂರು ಮನೆ, ನೂರನೆಯದರಲ್ಲಿ ಮಾಂಗಲ್ಯ.

"ಮಕ್ಕಳಿಗೆ ಅಂತ ಬಸ್‌ಸ್ಟ್ಯಾಂಡಲ್ಲಿ ತಗೊಂಡೆ ಕಣ್ರೀ. ನಿಮ್ಮನೇಲಿರೋರೇ ಬರೆದದ್ದಂತಲ್ಲ. ಈ ಎಂಬತ್ತೇಳನೇ ಮನೇಲಿರೋ ಹುಡುಗಿ ಯಾರು?"

ಎರಡು ಜಡೆ, ಮೊಣಕೈವರೆಗಿನ ರವಿಕೆ, ಮುಂದೆ ಇಳಿಮೇಜು. ಕೆಳಗೆ ಬರೆದಿತ್ತು: 'ತೋಳಿನ ಬಿಳುಪು ಬಯಲಾಯಿತು. ಹನ್ನೆರಡಕ್ಕೆ ಇಳಿ.' ಹಾವು ಅಲ್ಲಿಂದ ಹೊರಟು ಇಡೀ ರಟ್ಟಿನ ಉದ್ದಕ್ಕೆ ಇಳಿದಿತ್ತು.

ಅಮ್ಮ, "ಎಲ್ಲ ಹುಡುಗೀರೂ ಹಾಗೇ ಇರ್ತಾರೆ," ಎಂದಳು.

"ಹಾಗಾದ್ರೆ ತೋಳು ತೋರಿಸ್ಲಿ. ಏನೂ ಇಲ್ದಿದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ."

ನಾನೇ ರವಿಕೆಯ ತೋಳು ಮೇಲಕ್ಕೆ ಸರಿಸಿದೆ. ಮಾವ ಕನ್ನಡಕ ಹಾಕಿಕೊಂಡು, ಸಂತೆಯಲ್ಲಿ ಕರುವಿನ ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದರು. ಹುಡುಗ ಎದ್ದು ನಿಂತಿದ್ದ. "ನೀವೇ ಮೊದಲು ಹೇಳಿದ್ದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿ ಚಪ್ಪಲಿ ಹಾಕಿಕೊಂಡ. ಆಗ ನಾನು ತಲೆಯೆತ್ತಿದೆ. ಮುಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಅಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು.

ಯಾಕೆ ಹೀಗೆ ಮಾಡಿದಿರಿ ಎಂದು ಸಂಜೆ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಎಂಬತ್ತೇಳರಲ್ಲಿ ಒಂದು ದೊಡ್ಡ ಹಾವು ಬೇಕಿತ್ತು. ಏನು ಇಟ್ಟರೂ ನೋವಾಗ್ತಿರಲಿಲ್ಲ. ನಿನ್ನದು ಇಟ್ಟೆ, ನೋವಾಯ್ತು." ಆಮೇಲೆ, "ಹನ್ನೆರಡರಲ್ಲಿ ಏನಿದೆ ಓದಿದೀಯಾ? ಹಾವಿನ ಬಾಲದ ಹತ್ರ ಬರೆದದ್ದನ್ನ ಯಾರೂ ಓದಲ್ಲ," ಎಂದರು.

ಓದಿದೆ. 'ಶಾಲೆ ಸೇರಿದೆ. ಇನ್ನೊಂದು ಸಲ ಎಸೆ.'

ಆ ವಾರವೇ ಅವರು ಕೋಣೆ ಖಾಲಿ ಮಾಡಿ ನರಸೀಪುರದ ಅಣ್ಣನ ಮನೆಗೆ ಹೋದರು. ನನಗೆ ಬೇರೆ ಗಂಡು ಬರಲಿಲ್ಲ. ಟೀಚರ್ ತರಬೇತಿಗೆ ಸೇರಿದೆ, ಕವಲಂದೆಯ ಶಾಲೆಯಲ್ಲಿ ಕೆಲಸವಾಯಿತು. ಮಕ್ಕಳೆಂದರೆ ನನಗೆ ಪ್ರಾಣ, ನನ್ನ ಕೆಲಸ ನನಗೆ ಇಷ್ಟ. ಅದನ್ನೂ ಅವರೇ ಬರೆದಿದ್ದರು ಎಂಬುದನ್ನು ನೆನೆದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಏಳು ವರ್ಷದ ಮೇಲೆ ಅವರ ಅಣ್ಣನಿಂದ ಕಾರ್ಡು ಬಂತು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತೆಗೆದಿದೆ, ನಿಮ್ಮ ಹೆಸರು ಹೇಳುತ್ತಿರುತ್ತಾನೆ, ಎಂದಿತ್ತು. ಒಂದು ಭಾನುವಾರ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಧಾರಾವಾಹಿ ನಿಂತು ಎಷ್ಟೋ ಕಾಲವಾಗಿತ್ತು, ಮುದ್ರಕ ಪ್ಲಾಸ್ಟಿಕ್ ಆಟಗಳನ್ನು ತರಿಸಿ ಮಾರುತ್ತಿದ್ದ. ಬಾಯಲ್ಲಿ ಒಂದು ಕಾದಂಬರಿ ಇದೆ, ಬರೆದುಕೊಳ್ಳುವವರಿಲ್ಲ ಎಂದರು. ನಾನು ಬರೆದುಕೊಳ್ಳುತ್ತೇನೆ ಎನ್ನಲಿಲ್ಲ. ಅವರೂ ಕೇಳಲಿಲ್ಲ.

"ಟ್ರಂಕಿನಲ್ಲಿ ಕಲ್ಯಾಣ ಸೋಪಾನ ಇದೆ, ತೆಗಿ. ಕೈ ನಡುಗುತ್ತೆ, ನನ್ನದೂ ನೀನೇ ಎಸಿ," ಎಂದರು.

ಸ್ಟೂಲಿನ ಮೇಲೆ ರಟ್ಟು ಬಿಡಿಸಿ ಆಡಿದೆವು. ಬಿದ್ದದ್ದನ್ನು ಬಿದ್ದ ಹಾಗೆಯೇ ಹೇಳುತ್ತ ಹೋದೆ. ಅವರ ಕಾಯಿ ಎಂಬತ್ತೆರಡಕ್ಕೆ ಬಂತು. ಅವರಿಗಾಗಿ ಎಸೆದೆ. ಮೂರು ಬಿತ್ತು.

"ಐದು," ಎಂದೆ.

ಏಳು ವರ್ಷದಲ್ಲಿ ಅವರ ಅಭ್ಯಾಸ ನನಗೆ ಮರೆತುಹೋಗಿತ್ತು. ಇಷ್ಟು ಹೊತ್ತೂ ಸುಮ್ಮನಿದ್ದ ಆ ಸೀಳಿದ ಉಗುರಿನ ಬೆರಳು ಮೆಲ್ಲಗೆ ಮುಂದೆ ಬಂತು. ಒಂದು ಕವಡೆ ಮುಟ್ಟಿದರು, ಎರಡು, ಮೂರು. ಆರನ್ನೂ ಮುಟ್ಟಿದರು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಐದೇ ಸರಿ. ಏನು ಬರೆದಿದೆ, ಓದು."

ಓದಿದೆ.

"ಇಳಿಸು."

ಇಳಿಸಿದೆ. ಅವರು, "ಹನ್ನೆರಡಕ್ಕೆ ಬಂದೋರಿಗೆ ಇನ್ನೊಂದು ಎಸೆತ ಇದೆ. ಎಸಿ ಕಣಮ್ಮ," ಎಂದರು. ಅವರು ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬಸ್ಸಿಗೆ ಹೊತ್ತಾಯ್ತು," ಎಂದು ಎದ್ದೆ.

"ಹೌದಾ," ಎಂದರು.

ಅವರ ಕಾಯಿ ಹನ್ನೆರಡರಲ್ಲೇ ಇತ್ತು, ಕವಡೆಗಳು ಬಿದ್ದ ಹಾಗೆಯೇ ಇದ್ದವು. ಹದಿನೈದು ದಿನಕ್ಕೆ ಅವರು ಹೋದರೆಂದು ಮತ್ತೊಂದು ಕಾರ್ಡು ಬಂತು. ಆ ಭಾನುವಾರ ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.