ಗಂಟಲುದ್ರವ ತೆಗೆಯುತ್ತಿದ್ದ ನನ್ನ ಶಿಷ್ಯ

ಮಾಸ್ಕಿನ ತಂತಿ ಒತ್ತಿ ಒತ್ತಿ ಅವನ ಮೂಗಿನ ಮೇಲೆ ಒಂದು ಕಪ್ಪು ಗೆರೆ ನಿಂತುಬಿಟ್ಟಿತ್ತು. ಹದಿನಾರು ಎಂಬ ಹಳ್ಳಿಯ ನನ್ನ ಆ ಹಳೆಯ ಶಿಷ್ಯ ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ವಾರಕ್ಕೆರಡು ದಿನ ನರಸೀಪುರದಲ್ಲಿಯೂ ಅದೇ ಕೆಲಸ. ಗಂಟಲಿಗೆ ಕಡ್ಡಿ ಹಾಕುವ ಮುನ್ನ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಉತ್ತರಿಸಲೆಂದು ರೋಗಿ ಬಾಯಿ ತೆರೆದಾಗಲೇ ಅವನ ಕೆಲಸ ಮುಗಿದಿರುತ್ತಿತ್ತು.

ಕಳೆದ ಚಳಿಗಾಲದಲ್ಲಿ ನನಗೆ ಹನ್ನೊಂದು ದಿನ ಜ್ವರ ಬಿಡಲಿಲ್ಲ. ತಿಳಿದಿರುವ ವೈರಾಣುಗಳ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಇನ್ನು ಚಿಂತೆಯಿಲ್ಲವೆಂದು ನಾನು ನಿರ್ಧರಿಸಿದೆ, ಅವನು ಒಪ್ಪಲಿಲ್ಲ.

“ನಾವು ಎಸ್ರು ಇಡ್ದು ಕೇಳಿದ್ದಕ್ಕೆ ಟೆಸ್ಟು ಇಲ್ಲ ಅಂದದೆ, ಅಷ್ಟೇಯ ಸಾ. ಎಸ್ರೇ ಗೊತ್ತಿಲ್ದಿರ ವೈರಸ್ಸು ಇದ್ರೆ?”

ಅಂಥ ರೋಗಿಗಳ ಮಾದರಿಗಳನ್ನು ಮಂಜುಗಡ್ಡೆಯಲ್ಲಿಟ್ಟು, ಅಪರಿಚಿತ ವೈರಾಣುಗಳನ್ನು ಹುಡುಕುವ ದೂರದ ಪ್ರಯೋಗಾಲಯಕ್ಕೆ ಅವನು ಕಳುಹಿಸುತ್ತಿದ್ದ. ನನ್ನ ಮಾದರಿಯ ಜೊತೆಗಿಡುವ ವಿವರಗಳ ನಮೂನೆಯನ್ನು ಭರ್ತಿ ಮಾಡಲು ಒಂದು ಭಾನುವಾರ ಬೆಳಗ್ಗೆ ಮನೆಗೇ ಬಂದು ಜಗಲಿಯಲ್ಲಿ ಕುಳಿತ. ಅಂದು ಅವನು ಧರಿಸಿದ್ದುದು ಬರಿಯ ಬಟ್ಟೆಯ ಮಾಸ್ಕು. ಹಸು ಸಾಕಿದ್ದೇನೆಯೇ, ಬಾವಲಿ ಕಚ್ಚಿದ ಹಣ್ಣು ತಿಂದಿದ್ದೇನೆಯೇ ಎಂದೆಲ್ಲ ಕೇಳಿದ. ನನ್ನ ಮಾತು ಅಸ್ಪಷ್ಟವಾಗಿ ಹೊರಡುವುದನ್ನು ಸಹಿಸದೆ ನಾನು ನನ್ನ ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆ.

“ಮಾಸ್ಕ್ ಮ್ಯಾಕೆ ಎತ್ಕಳಿ ಸಾ,” ಎಂದ.

“ಗೊಣಗಿದರೆ ನೀನು ಏನೆಂದು ಬರೆದುಕೊಳ್ಳುತ್ತೀಯೋ?” ಎಂದು ತರಗತಿಯ ದನಿಯಲ್ಲೇ ಕೇಳಿದೆ.

ಅವನು ನಕ್ಕು ತಲೆ ತಗ್ಗಿಸಿದ. ಎಂಥವರನ್ನೂ ಗದರಿಸುತ್ತಿದ್ದವನು ಮೇಷ್ಟರಿಗೆ ಎರಡನೆಯ ಸಲ ಹೇಳಲಿಲ್ಲ. ಅರ್ಧ ಗಂಟೆ ನಾನು ಕೆಮ್ಮುತ್ತಲೇ ಉತ್ತರಿಸಿದೆ.

ನಾನು ಗುಣಮುಖನಾದೆ. ಅವನು ಆ ಭಾನುವಾರದಿಂದ ಆರನೆಯ ದಿನ ಹಾಸಿಗೆ ಹಿಡಿದ. ತನ್ನ ಗಂಟಲುದ್ರವವನ್ನು ತಾನೇ ತೆಗೆದು ಕಳುಹಿಸಿದ. ಹದಿನೈದನೆಯ ದಿನ ಮೈಸೂರಿನಲ್ಲಿ ತೀರಿಕೊಂಡ. ಅವನಿಗೆ ಮೂವತ್ತೆಂಟು ವರ್ಷ. ಸುದ್ದಿಯನ್ನು ನಂಬಲಾರದೆ ಅವನ ಫೋನಿಗೇ ಮೂರು ಸಲ ಕರೆ ಮಾಡಿದೆ.

ಅನಂತರ ಆರೋಗ್ಯಾಧಿಕಾರಿಯೊಬ್ಬರು ವರದಿ ಹಿಡಿದು ಬಂದರು. ಇಬ್ಬರ ಮಾದರಿಗಳಲ್ಲಿಯೂ ಒಂದೇ ವೈರಾಣು. ಈವರೆಗೆ ಗುರುತಿಸಿರುವ ಯಾವುದಕ್ಕೂ ಅದು ಹೊಂದುತ್ತಿರಲಿಲ್ಲ. ಯಾರಿಂದ ಯಾರಿಗೆ ಹರಡಿತೆಂದು ವರದಿ ಹೇಳುವುದಿಲ್ಲ ಎಂದರು.

“ಅವ್ರು ನಿಮ್ಮನೇಗೇನಾದ್ರೂ ಬಂದಿದ್ರಾ ಸಾರ್?” ಎಂದು ಕೇಳುತ್ತ, ಅವನು ತನಗಾಗಿ ತುಂಬಿದ್ದ ನಮೂನೆಯನ್ನು ಮುಂದಿಟ್ಟರು. ಮಾಸ್ಕ್ ಧರಿಸದ ರೋಗಿಯೊಡನೆ ಹತ್ತಿರ ಕುಳಿತು ಮಾತನಾಡಿದ್ದುಂಟೇ ಎಂಬ ಪ್ರಶ್ನೆಯ ಎದುರು, ದುಂಡಗಿನ ಅಕ್ಷರಗಳಲ್ಲಿ, ‘ಯಾರೊಡನೆಯೂ ಇಲ್ಲ’ ಎಂದಿತ್ತು.

ಅದು ನನ್ನನ್ನು ಕಾಯಲು ಅವನು ಬರೆದ ಸುಳ್ಳು. ಅಧಿಕಾರಿಯ ಪೆನ್ನು ಪಡೆದು, ಅದರ ಕೆಳಗೆ ನನ್ನ ಹೆಸರನ್ನೂ ಆ ಭಾನುವಾರವನ್ನೂ ಬರೆದು ಸಹಿ ಹಾಕಿದೆ.